ರಸ್ತೆ ಯಾವ ಕಡೆ ಸರಿಯಬೇಕು

ಪುಣೆ, ಸಾಸವಡ ರಸ್ತೆ
೨೮ ನವೆಂಬರ್ ೧೯೮೨

ಚಿರಂಜೀವಿ ಈರಣ್ಣನಿಗೆ ಅಕ್ಕ ಶಿವಬಸವ್ವನ ಆಶೀರ್ವಾದ.

ದೀಪಾವಳಿಗೆ ಬರುತ್ತೇನೆ ಅಂದವನು ಬರಲಿಲ್ಲ. ಅವ್ವ ಹಾಸಿಗೆಯಲ್ಲೇ ಬಾಗಿಲ ಕಡೆ ಮುಖ ಮಾಡಿಸಿಕೊಂಡು ಮಲಗಿದ್ದಳು. ಲಕ್ವಾ ಹೊಡೆದ ಎಡಗೈ ಇನ್ನೂ ಏಳುವುದಿಲ್ಲ, ಮಾತು ತುಸು ತಿಳಿಯಾಗಿದೆ. ನಿನ್ನ ಹೆಸರನ್ನು ಸ್ಪಷ್ಟವಾಗಿ ಅನ್ನುತ್ತಾಳೆ.

ಇಲ್ಲಿ ಅಪ್ಪನಿಗೆ ಏನೋ ಆಗಿದೆ. ಹೆದರಬೇಡ, ರೋಗವಲ್ಲ. ಮರಗಳ ಮೇಲೆ ಪ್ರೀತಿ ಹುಟ್ಟಿದೆ! ಹೋದ ಮಳೆಗಾಲದಲ್ಲಿ ಅಂಗಡಿಯ ಬೋರ್ಡು ಮುಚ್ಚುತ್ತದೆ ಅಂತ ಆಲದ ಟೊಂಗೆ ಕಡಿಸಿದ ಮನುಷ್ಯ, ಈಗ ಅದೇ ಮರಕ್ಕೆ ಕುಂಕುಮ ಹಚ್ಚಿ ಕೈ ಮುಗಿಯುತ್ತಾನೆ. ನಡೆದದ್ದು ಇಷ್ಟು. ರಸ್ತೆ ಅಗಲ ಮಾಡುತ್ತಾರಂತೆ. ಅಳತೆಯವರು ಬಂದು ಆಲದ ಸಾಲಿನ ಬೊಡ್ಡೆಗಳಿಗೂ ನಮ್ಮ ಅಂಗಡಿಯ ಗೋಡೆಗೂ ಕೆಂಪು ಬಣ್ಣ ಬಳಿದು ಹೋಗಿದ್ದಾರೆ. ಮರದ ಸಾಲು ಹೋದರೆ ಅದರ ಬೆನ್ನಿಗೇ ನಮ್ಮ ಅಂಗಡಿ ಸಾಲೂ ಹೋಗುತ್ತದೆ. ಅದಕ್ಕೇ ಅಂಗಡಿ ಸಾಲಿನ ಸಾವಕಾರರೆಲ್ಲ ಸೇರಿ ವಟವೃಕ್ಷ ರಕ್ಷಣಾ ಸಮಿತಿ ಮಾಡಿದ್ದಾರೆ. ಅಧ್ಯಕ್ಷರು ಶ್ರೀ ಮುರುಗೆಪ್ಪನವರು, ನಮ್ಮಪ್ಪ. ಕೇಳಿ ನಕ್ಕುಬಿಟ್ಟೆ.

ನಿನ್ನೆ ಯಮನವ್ವ ಬಂದಾಗ ನಗು ನಿಂತಿತು. ರಸ್ತೆಯ ಆಚೆಗಿನ ಗುಡಿಸಲು ಓಣಿ ನಿನಗೆ ಗೊತ್ತಲ್ಲ. ಯಾದಗೀರ, ಶಹಾಪುರದ ಕಡೆಯಿಂದ ಬಂದ ಗಾರೆ ಕೆಲಸದವರು, ಕಾರ್ಖಾನೆ ಕೂಲಿಯವರು. ಅವರ ಮಕ್ಕಳು ನಾನು ಕಲಿಸುವ ಕನ್ನಡ ಶಾಲೆಗೇ ಬರುವುದು. ಯಮನವ್ವ ಆ ಓಣಿಯ ಬಾಯಿ. "ಅಕ್ಕೋರ, ಈ ರಸ್ತಾ ದೊಡ್ಡದಾದ್ರ ನಮಗೇನಾರ ಆಗ್ತದೇನ್ರಿ?" ಎಂದು ಕೇಳಿದಳು. ನನಗೆ ತಿಳಿಯದು ಅಂದೆ. ಜನವರಿಯಲ್ಲಿ ಅಹವಾಲು ಸಭೆ ಇದೆಯಂತೆ, ಯಾರು ಬೇಕಾದರೂ ಬಂದು ತಕರಾರು ಹೇಳಬಹುದಂತೆ. ಆದರೆ ಪ್ರಕಟಣೆಯೆಲ್ಲ ಮರಾಠಿ, ಇಂಗ್ಲಿಷು. ನೀನು ಅದೇ ಇಲಾಖೆಯ ಯೋಜನಾ ಕಚೇರಿಯಲ್ಲಿ ಇದ್ದೀಯ. ಸಭೆಗೆ ಕನ್ನಡ ಬಲ್ಲ ಒಬ್ಬರನ್ನು ಕಳಿಸಲು ಹೇಳು. ಇಷ್ಟು ಮಾಡು ಸಾಕು.

ನಿನ್ನ ಅಕ್ಕ
ಶಿವಬಸವ್ವ


ಮುಂಬಯಿ
೧೯ ಡಿಸೆಂಬರ್ ೧೯೮೨

ಪ್ರೀತಿಯ ಅಕ್ಕನಿಗೆ ಈರಣ್ಣನ ನಮಸ್ಕಾರಗಳು.

ಕೆಲಸದ ಗಡಿಬಿಡಿಯಲ್ಲಿ ಬರಲಾಗಲಿಲ್ಲ. ಅವ್ವನಿಗೆ ಹೇಳು, ಯುಗಾದಿಗೆ ಖಂಡಿತ ಬರುತ್ತೇನೆ.

ಅಪ್ಪನನ್ನು ನೋಡಿ ನಗಬೇಡ. ಕಾಲ ಬದಲಾಗಿದೆ ಅಕ್ಕ. ಮೊದಲೆಲ್ಲ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೀಟು ಎಳೆದರೆ ರಸ್ತೆ ಆಯಿತು. ಈಗ ದಿಲ್ಲಿಯಲ್ಲಿ ಪರಿಸರಕ್ಕೇ ಒಂದು ಇಲಾಖೆ ಇದೆ. ನಮ್ಮ ಕಚೇರಿಯಲ್ಲಿ ಇದೇ ಮೊದಲ ಸಲ ಒಂದು ರಸ್ತೆಗೆ ಪರಿಸರ ವರದಿ ಬರೆಸುತ್ತಿದ್ದೇವೆ. ಬರೆಯುವವರು ದೇವದಾಸ್ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ನಮ್ಮ ಧಾರವಾಡದವರೇ, ಪುಣೆಯಲ್ಲೇ ಕಾಲೇಜಿನಲ್ಲಿದ್ದಾರೆ. ವರದಿ ಬಂದ ಮೇಲೆ ಜನರನ್ನು ಕೇಳಿ, ಆಮೇಲೆಯೇ ನಿರ್ಣಯ. ಇಷ್ಟು ಚಂದದ ರೀತಿಯಲ್ಲಿ ಯಾವ ರಸ್ತೆಯನ್ನೂ ಯೋಜಿಸಿದ್ದು ನಾನು ನೋಡಿಲ್ಲ.

ಅಪ್ಪನಿಗೆ ಚಿಂತೆ ಬೇಡವೆಂದು ಹೇಳು.

ಆಚೆಗಿನ ಓಣಿ ಸರಕಾರಿ ಜಾಗದಲ್ಲಿದೆ. ಆ ವಿಷಯ ನಮ್ಮ ಕಚೇರಿಗೆ ಸೇರುವುದಿಲ್ಲ. ಕನ್ನಡದ ಮಾತು ಹೇಳಿದೆಯಲ್ಲ, ಪುಣೆಯ ಸಭೆಯಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ.

ನಿನ್ನ
ಈರಣ್ಣ


ಪುಣೆ
೨೩ ಜನವರಿ ೧೯೮೩

ಚಿರಂಜೀವಿ ಈರಣ್ಣನಿಗೆ,

ನಿನ್ನೆ ಸಭೆ ನಡೆಯಿತು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಂದರೂ ಓದಿಕೋ.

ಶಾಲೆಯ ಸಭಾಗೃಹ. ಮುಂದಿನ ಕುರ್ಚಿಗಳಲ್ಲಿ ಅಪ್ಪನ ಸಮಿತಿ, ಇಸ್ತ್ರಿ ಮಾಡಿದ ಟೊಪ್ಪಿಗೆ, ಬಟ್ಟೆಯ ಫಲಕ. ಹಿಂದೆ ನೆಲದ ಮೇಲೆ ಆಚೆಯ ಓಣಿಯವರು, ಒಂದು ದಿನದ ಕೂಲಿ ಬಿಟ್ಟು ಬಂದವರು. ಅಧಿಕಾರಿ ನಕ್ಷೆ ತೂಗುಹಾಕಿದ. ಕೆಂಪು ಬಣ್ಣ ಹಚ್ಚಿದ್ದು ನಮ್ಮ ಕಡೆಗೆ, ಆದರೆ ನಕ್ಷೆಯಲ್ಲಿ ರಸ್ತೆ ಆಚೆ ಕಡೆಗೆ ಸರಿದಿತ್ತು. "ಇದು ತಿದ್ದಿದ ನಕ್ಷೆ" ಎಂದ. ಆಲದ ಸಾಲಿಗೆ ಹಸಿರು ಬಣ್ಣ ಹಚ್ಚಿದ್ದರು. ಆಚೆ ಕಡೆ ಬರೀ ಬಿಳಿ. ಬೆತ್ತದಿಂದ ಆ ಬಿಳಿಯನ್ನು ತೋರಿಸಿ, "ಇಲ್ಲೇನೂ ಅಡ್ಡಿ ಇಲ್ಲ, ಖಾಲಿ ಜಾಗ" ಅಂದ. ಆ ಖಾಲಿ ಜಾಗದ ಜನರೆಲ್ಲ ಅವನೆದುರಿಗೇ ನೆಲದ ಮೇಲೆ ಕೂತಿದ್ದರು, ಈರಣ್ಣ.

ದೇವದಾಸ್ ಸರ್ ಮಾತಾಡಿದರು. ಒಳ್ಳೆಯ ಮನುಷ್ಯ, ಒಂದೊಂದು ಮರದ ವಯಸ್ಸನ್ನೂ ಹೇಳಿದರು. ಆಮೇಲೆ ಅಪ್ಪ ಎದ್ದು, ಆಷಾಢ ಏಕಾದಶಿಯ ಯಾತ್ರೆಗೆ ಪಾಲಖಿಯ ಹಿಂದೆ ನಡೆದು ಬರುವ ವಾರಕರಿಗಳಿಗೆ ಈ ನೆರಳೇ ಮಠ, ಈ ನೆರಳೇ ಮನೆ ಎಂದ. ಜನ ಚಪ್ಪಾಳೆ ಹೊಡೆದರು.

ಆಗ ಯಮನವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡದಲ್ಲಿ, ಇಡೀ ಸಭಾಗೃಹಕ್ಕೆ ಕೇಳುವಂತೆ:

"ಸಾಹೇಬ್ರ, ಗಿಡಾ ಕಡೀಬ್ಯಾಡ್ರಿ, ಅದನ್ನ ನಾವೂ ಅಂತೀವಿ. ಆ ನೆಳ್ಳಾಗ ನಾವೂ ಕುಂತೀವಿ. ಖರೆ, ಗಿಡಾ ಉಳಸಾಕ ನಮ್ಮನ್ಯಾಕ ಕಡೀತೀರಿ? ಖಾಲಿ ಜಾಗಾ ಅಂದ್ರಲ್ಲ, ಅಲ್ಲಿ ನಾವು ಅದೀವಿ. ನಮ್ಮ ಹುಡುಗ್ರು ಅಲ್ಲೇ ಹುಟ್ಯಾವ. ಬಂದು ಕಣ್ಣೀಲೆ ನೋಡ್ರಿ."

"ಕಾಯ ಮ್ಹಣತೇ ಹೀ ಬಾಯಿ?" ಏನನ್ನುತ್ತಾಳೆ ಈ ಹೆಂಗಸು ಎಂದು ಅಧಿಕಾರಿ ಕೇಳಿದ. ಕನ್ನಡ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ ಅಂತ ನೀನು ಬರೆದಿದ್ದೆಯಲ್ಲ, ಇದ್ದರು. ನಾನು ಹಿಂದಿನಿಂದ ಏಳುವಷ್ಟರಲ್ಲಿ ಅಪ್ಪ ಎದ್ದಾಗಿತ್ತು. ಮರಾಠಿಯಲ್ಲಿ ನಿಧಾನವಾಗಿ ಹೇಳಿದ. "ಮರ ಕಡಿಯಬೇಡಿ ಅಂತಾಳೆ ಸಾಹೇಬರೇ. ನಾವು ಬಡವರೂ ಅದರ ನೆರಳಲ್ಲೇ ಕೂಡುತ್ತೇವೆ ಅಂತಾಳೆ." ಅಷ್ಟಕ್ಕೇ ನಿಲ್ಲಿಸಿದ. ಮತ್ತೆ ಚಪ್ಪಾಳೆ! ತಾನು ಹೇಳಿದ್ದಕ್ಕೇ ಚಪ್ಪಾಳೆ ಬಿತ್ತೆಂದು ಯಮನವ್ವ ಕೈ ಮುಗಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇವರು ಅರ್ಧ ಮಾತ್ರ ಹೇಳಿದ್ದಾರೆ. ಉಳಿದರ್ಧ ನುಂಗಿದ್ದಾರೆ" ಎಂದು ಕೂಗಿದೆ.

"ತಾವು ಯಾರು?"

"ಇವರ ಮಗಳು."

ಜನ ನಕ್ಕರು. ಮನೆಯ ಜಗಳ ಮನೆಯಲ್ಲಿ ಮಾಡಿಕೊಳ್ಳಿ ಎಂದು ಅಧಿಕಾರಿ ಸಭೆ ಮುಗಿಸಿದ.

ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ, ಬಿಡಲಿ. ನನಗೆ ಬೇಕಾದದ್ದು ಬೇರೆ. ಆ ನಕ್ಷೆಯನ್ನು ತಿದ್ದಿದ ಕೈ ಯಾರದು? ಓಣಿಗೆ ಓಣಿಯನ್ನೇ ಬಿಳಿ ಮಾಡಿದವನು ಯಾರು? ನೀನು ಅಲ್ಲೇ ಇದ್ದೀಯ. ಹುಡುಕಿ ಬರೆ. ಅವನ ಹೆಸರು ಬೇಕು ನನಗೆ.

ಶಿವಬಸವ್ವ


ಮುಂಬಯಿ
೧೨ ಫೆಬ್ರುವರಿ ೧೯೮೩

ಅಕ್ಕನಿಗೆ ನಮಸ್ಕಾರ.

ತುಂಬಿದ ಸಭೆಯಲ್ಲಿ ಹೆತ್ತ ಅಪ್ಪನನ್ನು ಸುಳ್ಳ ಎಂದು ಕರೆದು, ಅದನ್ನು ನನಗೆ ಹೆಮ್ಮೆಯಿಂದ ಬರೆದಿದ್ದೀಯ. ಭಾವ ತೀರಿಕೊಂಡಾಗ ನಿನ್ನನ್ನು ಕರೆತಂದು, ಓದಿಸಿ, ಶಾಲೆಗೆ ಸೇರಿಸಿದವನು ಆ ಅಪ್ಪನೇ. ಆತ ಪೇಟೆಯಲ್ಲಿ ಹೇಗೆ ತಲೆಯೆತ್ತಿ ತಿರುಗಬೇಕು ಅಂತ ಒಮ್ಮೆಯಾದರೂ ಯೋಚಿಸಿದೆಯಾ?

ನಕ್ಷೆಯನ್ನು ಯಾವ ಕೈಯೂ ತಿದ್ದುವುದಿಲ್ಲ. ವರದಿ ಬರುತ್ತದೆ, ಭೂಸ್ವಾಧೀನದ ತೊಡಕುಗಳನ್ನು ನೋಡುತ್ತಾರೆ, ತಿರುವಿನ ಲೆಕ್ಕ ಹಾಕುತ್ತಾರೆ, ರಸ್ತೆ ತಾನಾಗಿ ಒಂದು ಕಡೆಗೆ ಸರಿಯುತ್ತದೆ. ಮರ ಉಳಿಸಿದ್ದಕ್ಕೆ ಪತ್ರಿಕೆಗಳೂ ಹೊಗಳಿವೆ. ಆಚೆಯವರು ಕಟ್ಟಡದ ಕೆಲಸದವರು. ಕೆಲಸ ಮುಗಿದಲ್ಲಿಂದ ಎದ್ದು ಇನ್ನೊಂದು ಕಡೆ ಹೋಗುವುದು ಅವರಿಗೆ ರೂಢಿ.

ಇನ್ನು ಮೇಲೆ ಇಂಥ ಪತ್ರಗಳನ್ನು ಕಚೇರಿಯ ವಿಳಾಸಕ್ಕೆ ಹಾಕಬೇಡ.

ಈರಣ್ಣ


ಪುಣೆ
೬ ಮಾರ್ಚ್ ೧೯೮೩

ಈರಣ್ಣಾ,

ಎದ್ದು ಹೋಗುವುದು ರೂಢಿ ಅಂತೆ! ನಮ್ಮಪ್ಪ ಬಾಗಲಕೋಟೆಯಿಂದ ಎದ್ದು ಬಂದರೆ ಅದು ವ್ಯಾಪಾರ, ಯಮನವ್ವ ಯಾದಗೀರಿನಿಂದ ಎದ್ದು ಬಂದರೆ ಅದು ರೂಢಿ. ಆಕೆಯ ಗಂಡ ತಾಯಪ್ಪ ಇದೇ ಊರಲ್ಲಿ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯಿಂದ ಬಿದ್ದು ಕಾಲು ಊನ ಮಾಡಿಕೊಂಡವನು. ಎಲ್ಲಿಗೆ ಎದ್ದು ಹೋಗಬೇಕು ಅವನು?

ನಾನು ದೇವದಾಸ್ ಸರ್ ಮನೆಗೆ ಹೋಗಿದ್ದೆ. ಅವರನ್ನೂ ಬೈಯಬೇಕೆಂದೇ ಹೋದೆ. ಅವರು ಬೈಗುಳವನ್ನೆಲ್ಲ ಕೇಳಿ ಚಪ್ಪಲಿ ಹಾಕಿಕೊಂಡು, "ನಡೀರಿ, ತೋರಸ್ರಿ" ಎಂದು ನನ್ನೊಡನೆ ಬಸ್ಸು ಹತ್ತಿದರು. ಓಣಿಯ ತುದಿಯ ತನಕ ನಡೆದರು. ಒಬ್ಬೊಬ್ಬರ ಮನೆ ಬಾಗಿಲಲ್ಲೂ ನಿಂತರು. ಕಡೆಗೆ ನಲ್ಲಿಯ ಹತ್ತಿರ ಕೂತುಬಿಟ್ಟರು. "ನನಗ ಮರ ಇರೋ ಕಡೆ ಅಷ್ಟ ನೋಡ್ರಿ ಅಂದಿದ್ರು. ನಾನೂ ತಲಿ ಎತ್ತಿ ಆಚೆ ನೋಡಲಿಲ್ಲ. ಇದು ಪರಿಸರ ಅಲ್ಲದ ಮತ್ತೇನು?" ಎಂದರು. ಮುಖ ಕೆಂಪಾಗಿತ್ತು. ಕಚೇರಿಗೆ ಬರೆಯುತ್ತೇನೆ ಎಂದಿದ್ದಾರೆ.

ಈಗ ಮುಖ್ಯ ಮಾತು. ಮೊನ್ನೆ ಪಕ್ಕದ ಅಂಗಡಿಯ ಗೂಳಪ್ಪ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದ. ನಾನು ಒಳಗೆ ಅವ್ವನಿಗೆ ಅಂಬಲಿ ಕುಡಿಸುತ್ತಿದ್ದೆ. ಹೊರಗಿನ ಮಾತು ಕೇಳಿತು.

"ಮುರುಗೆಪ್ಪಣ್ಣ, ಹುಲಿಯಂಥಾ ಮಗನ್ನ ಹಡದೀರಿ. ಪೆನ್ಸಿಲ್‌ನ ಒಂದ ಗೀಟಿನಾಗ ಇಡೀ ಅಂಗಡಿ ಸಾಲು ಉಳಿಸಿದಾ."

"ಸಣ್ಣ ದನೀಲೆ ಮಾತಾಡೋ" ಎಂದ ಅಪ್ಪ.

ಪ್ರಶ್ನೆ ಒಂದೇ. ಆ ಕೈ ನಿನ್ನದೇ? ಹೌದು ಅಥವಾ ಅಲ್ಲ ಅಂತ ಬರೆ. ಬೇರೆ ಏನೂ ಬರೆಯಬೇಡ.

ಶಿವಬಸವ್ವ


ಪುಣೆ
೧೦ ಜುಲೈ ೧೯೮೩

ಈರಣ್ಣ,

ಯುಗಾದಿ ಹೋಯಿತು, ಮಳೆಗಾಲ ಬಂತು, ನಿನ್ನ ಉತ್ತರ ಬರಲಿಲ್ಲ. ಉತ್ತರ ಬರದಿದ್ದದ್ದೇ ಉತ್ತರ ಎಂದುಕೊಂಡಿದ್ದೇನೆ.

ಈ ವಾರ ಪಾಲಖಿ ದಾಟಿ ಹೋಯಿತು. ಆಲದ ಕೆಳಗೆ ಅಪ್ಪನ ಸಮಿತಿ ಚಹಾ ಹಂಚಿತು. ಆಚೆಯ ಓಣಿಯವರು ವಾರಕರಿಗಳಿಗೆ ನೀರು ಕೊಟ್ಟರು, ಮುದುಕಿಯರ ಕಾಲಿಗೆ ಎಣ್ಣೆ ತಿಕ್ಕಿದರು. ಮರುದಿನ ಅದೇ ಮನೆಗಳ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ದೀಪಾವಳಿಯೊಳಗೆ ಜಾಗ ಬಿಡಬೇಕಂತೆ.

ಅಪ್ಪನಿಗೆ ನಾನು ಎದುರು ನಿಂತು ಕೇಳಿದೆ, ಇವರಿಗಾಗಿ ಒಂದು ಮಾತು ಆಡುತ್ತೀಯಾ ಎಂದು. "ಮನಿ ಅನ್ನಾ ಉಂಡು ಓಣಿ ಮಾತಾಡ್ತಿ" ಎಂದ. ಅಂದಿನಿಂದ ಆ ಅನ್ನ ಬಿಟ್ಟಿದ್ದೇನೆ. ಶಾಲೆಯ ಹತ್ತಿರ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೇನೆ. ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ ಹಿತ್ತಲ ಬಾಗಿಲಿನಿಂದ ಹೋಗಿ ಅವ್ವನಿಗೆ ಸ್ನಾನ ಮಾಡಿಸಿ ಬರುತ್ತೇನೆ. ಅವ್ವನಿಗೆ ಏನೂ ಹೇಳಿಲ್ಲ.

ಶಿವಬಸವ್ವ


ಮುಂಬಯಿ
೨೪ ಜುಲೈ ೧೯೮೩

ಅಕ್ಕ,

ಹೌದು. ನನ್ನ ಕೈ.

ಈಗ ನೀನು ಕೇಳು. ಹೋದ ವರ್ಷ ದೀಪಾವಳಿಗೆ ಮೊದಲು ಅಪ್ಪ ಇಲ್ಲಿಗೆ ಬಂದಿದ್ದ. ನಿನಗೆ ಬಾರಾಮತಿಗೆ ಬೆಲ್ಲ ತರಲು ಹೋಗುತ್ತೇನೆ ಎಂದು ಹೇಳಿ ಬಂದಿದ್ದನಂತೆ. ನನ್ನ ಖೋಲಿಯಲ್ಲಿ ಕೂತು ತಲೆಯ ಟೊಪ್ಪಿಗೆ ತೆಗೆದು ನನ್ನ ಕಾಲ ಹತ್ತಿರ ಇಟ್ಟ. ನಮ್ಮಪ್ಪ, ಯಾರ ಮುಂದೂ ಬಗ್ಗದವನು. "ಅಂಗಡಿ ಹೋದ್ರ ಹೋಗ್ಲಿ. ನಿಮ್ಮವ್ವನ್ನ ಯಾವ ಗ್ವಾಡಿಗೆ ಒರಗಿಸಿ ಮಲಗಸ್ಲಿ?" ಎಂದು ಅತ್ತ. ಅಂಗಡಿಯ ಹಿಂದಿನ ಕೋಣೆಯಲ್ಲಲ್ಲವೇ ಅವ್ವ ಮಲಗಿರುವುದು? ಮೊದಲ ನಕ್ಷೆಯ ಗೀಟು ಅವಳ ಹಾಸಿಗೆಯ ಮೇಲೆ ಹಾದುಹೋಗುತ್ತಿತ್ತು. ಅದನ್ನು ನನ್ನ ಮೇಜಿನ ಮೇಲೆ ನಾನೇ ನೋಡಬೇಕಾಗಿ ಬಂತು. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಅವ್ವನ ಹಾಸಿಗೆ ಎತ್ತಿ ರಸ್ತೆಗೆ ಇಡುತ್ತಿದ್ದೆಯಾ?

ಮರ ಉಳಿಯುತ್ತದೆ ಎಂಬ ಒಳ್ಳೆಯ ಕಾರಣ ಇತ್ತು. ಮೇಲಿನವರು ಒಪ್ಪಿದರು. ಎದುರಿಗೆ ಜನರಿದ್ದಾರೆ ಎಂದು ನನಗೆ ಗೊತ್ತಿತ್ತು. ಆದರೆ ಎರಡು ಕಡೆಯಲ್ಲಿ ಒಂದು ಕಡೆ ನನ್ನ ತಾಯಿ ಇದ್ದಳು.

ಇನ್ನೊಂದು ಮಾತು, ಇಷ್ಟು ದಿನ ನುಂಗಿಕೊಂಡದ್ದು. ನಿನ್ನ ಈ ಸಿಟ್ಟು ಯಾಕೆ ಇಷ್ಟು ಎತ್ತರ ಏರುತ್ತದೆ ಗೊತ್ತೇ? ಅದಕ್ಕೆ ನೀನೇನೂ ತೆರಬೇಕಾಗಿಲ್ಲ. ನಾನು ಅವ್ವನ ಕೋಣೆ ಉಳಿಸುತ್ತೇನೆ, ನೀನು ಹಿತ್ತಲ ಬಾಗಿಲಿನಿಂದ ಅದೇ ಕೋಣೆಗೆ ಹೋಗಿ ಅವಳಿಗೆ ಸ್ನಾನ ಮಾಡಿಸಿ, ಹೊರಬಂದು ನನ್ನನ್ನು ಬೈಯುತ್ತೀ.

ಈರಣ್ಣ


ಪುಣೆ
೨ ಅಕ್ಟೋಬರ್ ೧೯೮೩

ಈರಣ್ಣ,

ನಿನ್ನ ಪತ್ರ ಬಂದ ದಿನ ಅದನ್ನು ಹರಿದು ಹಾಕಿದೆ. ಆದರೆ ಅದರ ಕೊನೆಯ ಸಾಲುಗಳು ತಲೆಯಿಂದ ಹೋಗಲಿಲ್ಲ. ಅವ್ವನ ಬೆನ್ನು ತೊಳೆಯುವಾಗೆಲ್ಲ ನೆನಪಾಗುತ್ತವೆ. ನಿನ್ನ ಮಾತಿನಲ್ಲಿ ಒಂದಿಷ್ಟು ಸತ್ಯ ಇದೆ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಇಲ್ಲಿಯ ಸಂಗತಿ ಕೇಳು. ಕಚೇರಿ ದೇವದಾಸ್ ಸರ್ ಅವರ ಪತ್ರಗಳಿಗೆ ಉತ್ತರ ಕೊಡಲಿಲ್ಲ. ಅವರು ತಮ್ಮ ವರದಿಗೆ ಹಾಕಿದ ಸಹಿಯನ್ನೇ ಹಿಂದೆಗೆದುಕೊಂಡರು. ಅರ್ಧ ನೋಡಿ ಬರೆದ ವರದಿ ನನ್ನದಲ್ಲ ಎಂದು ಪತ್ರಿಕೆಗೂ ಬರೆದರು. ಕಾಲೇಜಿನಲ್ಲಿ ಅವರಿಗೆ ಇದರಿಂದ ತೊಂದರೆಯಾಗಿದೆ, ಹೇಳಿಕೊಳ್ಳುವುದಿಲ್ಲ. ಯಮನವ್ವ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಕಲೆಕ್ಟರ್ ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಕಡೆಗೆ ನವೆಂಬರಿನಲ್ಲಿ ಇನ್ನೊಂದು ಸಭೆ ಕರೆಯಲು ಒಪ್ಪಿದ್ದಾರೆ. ನೋಟೀಸಿನ ಜಾರಿ ಅಲ್ಲಿಯ ತನಕ ನಿಂತಿದೆ.

ನಾನು, ಸರ್, ಯಮನವ್ವ ಕೂತು ಒಂದು ದಾರಿ ಯೋಚಿಸಿದೆವು. ರಸ್ತೆ ಒಂದೇ ಕಡೆಗೆ ಯಾಕೆ ಸರಿಯಬೇಕು? ಎರಡೂ ಕಡೆ ಸ್ವಲ್ಪ ಸ್ವಲ್ಪ ಸರಿಯಲಿ. ಮರಗಳು ಕೆಲವು ಹೋಗಲಿ, ಅಂಗಡಿಗಳ ಮುಂದಿನ ಕಟ್ಟೆ ಹೋಗಲಿ, ಓಣಿಯ ಮುಂದಿನ ಸಾಲು ಹಿಂದಕ್ಕೆ ಹೋಗಲಿ. ಅವ್ವನ ಕೋಣೆಗೆ ಏನೂ ಆಗುವುದಿಲ್ಲ, ನಾನೇ ಅಳೆದು ನೋಡಿದ್ದೇನೆ.

ಆದರೆ ನಿಮ್ಮವರು ಈ ಮಾತು ತೆಗೆದ ಕೂಡಲೇ ತಾಂತ್ರಿಕವಾಗಿ ಅಸಾಧ್ಯ ಎನ್ನುತ್ತಾರೆ. ನಾನು ಶಾಲೆಯ ಅಕ್ಕೋರು, ಸರ್ ಗಿಡದವರು. ನಮ್ಮ ಮಾತು ಯಾರು ಕೇಳುತ್ತಾರೆ? ಆಗುತ್ತದೆ ಎಂದು ಹೇಳಬಲ್ಲವನು ರಸ್ತೆಯ ನಕ್ಷೆ ಬರೆದವನೊಬ್ಬನೇ. ಸಭೆಗೆ ಬಾ. ನನ್ನ ಪರವಾಗಿ ಏನೂ ಹೇಳಬೇಡ. ಆಗುತ್ತದೆಯೋ ಇಲ್ಲವೋ, ಅಷ್ಟೇ ಹೇಳು.

ಶಿವಬಸವ್ವ


ಮುಂಬಯಿ
೧೫ ಅಕ್ಟೋಬರ್ ೧೯೮೩

ಅಕ್ಕ,

ಬರಲಾಗದು. ಇನ್ನು ಈ ವಿಷಯವಾಗಿ ನನಗೆ ಬರೆಯಬೇಡ.

ಈರಣ್ಣ


ಪುಣೆ
೨೭ ನವೆಂಬರ್ ೧೯೮೩

ಈರಣ್ಣ,

ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ನಿನ್ನೆ ಸಭೆಯಲ್ಲಿ ನೀನು ಮುಂದೆ ಅಧಿಕಾರಿಗಳ ಸಾಲಿನಲ್ಲಿ ಕೂತಿದ್ದೆ, ಹಿಂದಿನವರ ಮುಖಗಳು ನಿನಗೆ ಕಾಣಲಿಲ್ಲ. ಅದನ್ನು ನಿನಗೆ ತಿಳಿಸಬೇಕು.

ನಿನ್ನನ್ನು ಆ ಸಾಲಿನಲ್ಲಿ ಕಂಡಾಗ ನಮ್ಮನ್ನು ಮುಗಿಸಲೆಂದೇ ನಿನ್ನ ಮೇಲಿನವರು ಕರೆತಂದಿದ್ದಾರೆ ಎಂದುಕೊಂಡೆ. ಅವರೂ ಹಾಗೆಯೇ ತಿಳಿದಿದ್ದರು. "ಈ ನಕ್ಷೆ ಮಾಡಿದ ಇಂಜಿನಿಯರರೇ ಇಲ್ಲಿದ್ದಾರೆ, ಅವರನ್ನೇ ಕೇಳೋಣ. ಎರಡೂ ಕಡೆ ಸರಿಸುವುದು ಸಾಧ್ಯವೇ?" ಎಂದು ಸಭೆ ನಡೆಸುತ್ತಿದ್ದ ಅಧಿಕಾರಿ ನಗುತ್ತ ಕೇಳಿದಾಗ ನಾನು ತಲೆ ತಗ್ಗಿಸಿ ನೆಲ ನೋಡುತ್ತಿದ್ದೆ.

"ಸಾಧ್ಯವಿದೆ" ಎಂದೆ ನೀನು. ಮರಾಠಿಯಲ್ಲಿ. ಆಮೇಲೆ ಯಾರೂ ಕೇಳದೆಯೇ, "ಮೊದಲ ಸಲವೂ ಸಾಧ್ಯವಿತ್ತು" ಎಂದೆ.

ಯಮನವ್ವ ನನ್ನ ತೋಳು ಹಿಡಿದು, "ಏನಂದಾ, ಏನಂದಾ?" ಎಂದು ಜಗ್ಗಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವಳು ತಿರುಗಿ ಓಣಿಯವರಿಗೆ ಹೇಳಿದಳು. ಮಾತು ಸಾಲಿನಿಂದ ಸಾಲಿಗೆ ಹೋಗಿ ಬಾಗಿಲಲ್ಲಿ ಕೂತ ತಾಯಪ್ಪನ ತನಕ ಮುಟ್ಟಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಪ್ಪ ಎದ್ದು, ಟೊಪ್ಪಿಗೆ ಕುರ್ಚಿಯ ಮೇಲೆಯೇ ಬಿಟ್ಟು, ಯಾರನ್ನೂ ನೋಡದೆ ಹೊರಗೆ ನಡೆದ. ದೇವದಾಸ್ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಸಭೆ ಮುಗಿದ ಮೇಲೆ ನಿನ್ನನ್ನು ಹುಡುಕಿದೆ. ಜೀಪು ಹೋಗಿಬಿಟ್ಟಿತ್ತು. ನೀನು ಅವ್ವನನ್ನೂ ನೋಡದೆ ಹೋದೆ.

ಅಕ್ಕ


ಚಂದ್ರಪುರ
೫ ಫೆಬ್ರುವರಿ ೧೯೮೪

ಅಕ್ಕನಿಗೆ,

ವಿಳಾಸ ನೋಡಿದರೆ ಗೊತ್ತಾಗಬೇಕು. ಸಭೆಯಾದ ತಿಂಗಳೊಳಗೆ ವರ್ಗವಾಯಿತು. ಇಲ್ಲಿ ಕಾಡಿನ ಅಂಚಿನಲ್ಲಿ ಸೇತುವೆಗಳ ದುರಸ್ತಿ ನೋಡಿಕೊಳ್ಳುತ್ತೇನೆ. ನಾನು ಅಪ್ಪನಿಗೆ ಬರೆದ ಪತ್ರ ಒಡೆಯದೆ ವಾಪಸು ಬಂದಿದೆ.

ನೀನು ಖುಷಿಯಿಂದ ಬರೆದಿದ್ದೆ. ತಪ್ಪು ತಿಳಿಯಬೇಡ. ನಿನಗಾಗಿ ನಾನು ಅದನ್ನು ಹೇಳಲಿಲ್ಲ, ಆ ಓಣಿಗಾಗಿಯೂ ಹೇಳಲಿಲ್ಲ. ಸಾಧ್ಯವಿಲ್ಲ ಅನ್ನು ಎಂದು ಕಲಿಸಿಯೇ ಕರೆತಂದಿದ್ದರು, ನಾನೂ ಹ್ಞೂಂ ಎಂದಿದ್ದೆ. ಆದರೆ ಅವರು ನಗುತ್ತ ಕೇಳಿದರು. ಆ ನಗು ನೋಡಿ ಮೈ ಉರಿಯಿತು. ನಾನು ಏನು ಹೇಳುತ್ತೇನೆ ಎಂದು ಅವರಿಗೆ ಅಷ್ಟು ಖಾತ್ರಿ ಇತ್ತು. ಅಪ್ಪನಿಗೂ ಇತ್ತು, ನಿನಗೂ ಇತ್ತು. ಎಲ್ಲರೂ ನನ್ನ ಬಾಯಲ್ಲಿ ಬರುವ ಮಾತನ್ನು ಮೊದಲೇ ಕೇಳಿಸಿಕೊಂಡು ಕೂತಿದ್ದಿರಿ.

ಅವ್ವನನ್ನು ನೋಡದೆ ಹೋದೆ ಎಂದು ಚುಚ್ಚಿದ್ದೀಯ. ಯಾವ ಬಾಗಿಲಿನಿಂದ ಬರಬೇಕಿತ್ತು ನಾನು, ಮುಂದಿನದೋ ಹಿತ್ತಲದೋ?

ಈರಣ್ಣ


ಪುಣೆ
೧೭ ಮಾರ್ಚ್ ೧೯೮೫

ಈರಣ್ಣನಿಗೆ ಅಕ್ಕನ ಆಶೀರ್ವಾದ.

ವರ್ಷಕ್ಕೂ ಮೇಲಾಯಿತು ನಾವು ಬರೆದುಕೊಂಡು. ಅವ್ವ ಸುಖವಾಗಿದ್ದಾಳೆ. ಕೋಣೆ ಉಳಿದಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ.

ರಸ್ತೆಯ ಕೆಲಸ ಜನವರಿಯಲ್ಲಿ ಶುರುವಾಯಿತು, ನಾವು ಹೇಳಿದ ಹಾಗೆಯೇ, ಎರಡೂ ಕಡೆ. ಆಲದ ಸಾಲಿನಲ್ಲಿ ಕೆಲವು ಉರುಳಿದವು, ದೇವದಾಸ್ ಸರ್ ಪ್ರತಿಯೊಂದರ ಹತ್ತಿರವೂ ನಿಂತಿದ್ದರು. ನಮ್ಮ ಅಂಗಡಿಯ ಮುಂದಿನ ಕಟ್ಟೆಯಲ್ಲಿ ಒಂದು ತುಂಡು ಬಿಟ್ಟು ಉಳಿದದ್ದು ಹೋಯಿತು, ತಗಡಿನ ಚಪ್ಪರ ಹೋಯಿತು. ಅಪ್ಪ ಒಳಗೆ ತಕ್ಕಡಿಯ ಹಿಂದೆ ಕೂತು ಅಲ್ಲಾಡದೆ ನೋಡಿದ. ಅದೇ ದಿನ ಆಚೆ ಓಣಿಯ ಮುಂದಿನ ಸಾಲು ಹೋಯಿತು. ಓಣಿಯ ಹಿಂದುಗಡೆ ಜಾಗ ಕೊಡುತ್ತೇವೆ ಎಂದು ಸಭೆಯಲ್ಲಿ ಒಪ್ಪಿದ್ದರು. ಕೆಡವಿದ ಮೇಲೆ, ಆ ಜಾಗ ಇನ್ನೊಂದು ಇಲಾಖೆಯದು, ಮಂಜೂರಾತಿ ಬರಬೇಕು ಎಂದರು.

ಮುಂದಿನ ಸಾಲಿನ ಮೊದಲ ಮನೆ ಯಮನವ್ವನದು. ನನಗೆ ಗೊತ್ತಿತ್ತು. ಆ ದಾರಿ ಯೋಚಿಸಿದಾಗಲೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಿಂದಕ್ಕೆ ಹೋದರಾಯಿತು ಎಂದುಕೊಂಡಿದ್ದೆವು. ಕೆಡವಿದ ಸಂಜೆ ನಾನು ಓಡಿಹೋದೆ. ತಾಯಪ್ಪ ಬಿದ್ದ ಗೋಡೆಗೆ ಆತು ಕೂತಿದ್ದ. ನನ್ನ ಖೋಲಿಗೆ ಬನ್ನಿ, ಜಾಗ ಸಿಗುವ ತನಕ ಇರಿ ಎಂದೆ. ಯಮನವ್ವ ನನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ.

"ಅಕ್ಕೋರ, ನಿಮ್ಮ ಮನಿ ಕಟ್ಟಿ ಹೋತು. ನನಗ ಮನೀನ ಹೋತು. ಇದಕ್ಕ ಅರ್ಧಾ ಅರ್ಧಾ ಅಂತಾರೇನ್ರಿ?"

ಎರಡು ವರ್ಷ ನಾನು ಅಪ್ಪನ ಮೇಲೆ, ನಿನ್ನ ಮೇಲೆ, ಕಚೇರಿಯ ಮೇಲೆ ಸಿಟ್ಟಾದೆ. ಆ ಸಂಜೆ ಸಿಟ್ಟು ಇನ್ನೊಬ್ಬರಲ್ಲಿತ್ತು, ಅದರೆದುರು ನಿಂತವಳು ನಾನು.

ಅವಳು ನನ್ನ ಖೋಲಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಒಲೆ, ಪಾತ್ರೆ, ಹಾಸಿಗೆ ಹೊತ್ತುಕೊಂಡು ರಸ್ತೆ ದಾಟಿ, ನಮ್ಮ ಅಂಗಡಿಯ ಮುಂದೆ ಉಳಿದಿದ್ದ ಕಟ್ಟೆಯ ತುಂಡಿನ ಮೇಲೆ ಸಂಸಾರ ಹೂಡಿದಳು. ಗೂಳಪ್ಪ ಪೊಲೀಸರನ್ನು ಕರೆಯುತ್ತೇನೆಂದ. "ಕರೀರಿ. ನಾ ಖಾಲಿ ಜಾಗದಾಗ ಇದ್ದಾಕಿ. ಇದೂ ಖಾಲಿ ಅದ, ಕುಂತೀನಿ" ಎಂದಳು. ಅಪ್ಪ ಅವಳನ್ನು ಎಬ್ಬಿಸಲು ಹೊರಗೆ ಬಂದ. ಒಳಗಿನಿಂದ ಅವ್ವ ಕೂಗಿದಳು. ಅವಳ ಆ ಸೊಟ್ಟ ಮಾತಿನಲ್ಲಿ, "ಇರ್ಲಿ ಬಿಡ್ರಿ" ಎಂದು. ಅಷ್ಟು ದೊಡ್ಡ ದನಿ ಅವಳಲ್ಲಿ ಉಳಿದಿದೆ ಎಂದು ನನಗೂ ತಿಳಿದಿರಲಿಲ್ಲ. ಅಪ್ಪ ತಿರುಗಿ ಒಳಗೆ ಹೋದ. ಅವನು ಯಮನವ್ವನಿಗೆ ಒಳ್ಳೆಯ ಮಾತೂ ಆಡಲಿಲ್ಲ, ಎಬ್ಬಿಸಲೂ ಇಲ್ಲ.

ಮುಂದಿನ ಸಾಲಿನ ಉಳಿದವರೂ ಒಬ್ಬೊಬ್ಬರಾಗಿ ಬಂದು ಅಂಗಡಿಗಳ ಮುಂದೆ ಕೂತರು. ಡಾಂಬರಿನವರಿಗೆ ಕೆಲಸ ಮಾಡಲು ಜಾಗ ಉಳಿಯಲಿಲ್ಲ. ಸಾವಕಾರರೇ ಕಲೆಕ್ಟರ್ ಹತ್ತಿರ ಓಡಿದರು, ಇವರಿಗೆ ಬೇಗ ಜಾಗ ಕೊಡಿ ಎಂದು. ಓಣಿಯವರ ತಕರಾರು ವರ್ಷಗಟ್ಟಲೆ ಕೇಳದವರು ಸಾವಕಾರರ ತಕರಾರು ಒಂದೇ ವಾರದಲ್ಲಿ ಕೇಳಿದರು. ಓಣಿಯ ಹಿಂದುಗಡೆಯ ಜಾಗ ಕೊಟ್ಟಿದ್ದಾರೆ. ಕೈಬರಹದ ಕಾಗದವಲ್ಲ, ಮೊಹರು ಹಾಕಿದ್ದು. ನಾನು ಓದಿ ನೋಡುತ್ತೇನೆ ಅಂದರೆ, "ಬ್ಯಾಡ್ರಿ, ಓದಿಸೀನಿ" ಎಂದಳು ಯಮನವ್ವ.

ಈಗ ಅವಳು ಮನೆ ಕಟ್ಟುತ್ತಿದ್ದಾಳೆ. ಶಾಲೆ ಬಿಟ್ಟ ಮೇಲೆ ದಿನಾ ಹೋಗುತ್ತೇನೆ. ಬಿದ್ದ ಗೋಡೆಗಳ ಕಲ್ಲು ಹೊತ್ತು ತಂದು ಕೊಡುತ್ತೇನೆ. ಅವಳು ಮೊದಲಿನ ಹಾಗೆ ಕೂಡ್ರಿ ಅನ್ನುವುದಿಲ್ಲ, ಚಹಾ ಇಡುವುದಿಲ್ಲ. "ಕಲ್ಲು ಅಲ್ಲಿ ಇಟ್ಟು ಹೋಗ್ರಿ, ಅಕ್ಕೋರ" ಎನ್ನುತ್ತಾಳೆ, ಅಷ್ಟೇ. ನಾನು ಇಟ್ಟು ಬರುತ್ತೇನೆ.

ನಿನ್ನ ಮೇಲೆ ನನಗಿನ್ನೂ ಸಿಟ್ಟು ಹೋಗಿಲ್ಲ, ನಿನಗೂ ನನ್ನ ಮೇಲೆ ಹೋಗಿರಲಿಕ್ಕಿಲ್ಲ. ಇರಲಿ. ರಜೆ ಹಾಕಿ ಬಾ. ಅಪ್ಪನೊಡನೆ ಮಾತಾಡು ಎಂದು ನಾನು ಹೇಳುವುದಿಲ್ಲ, ನನ್ನೊಡನೆಯೂ ಆಡಬೇಡ. ಅವ್ವನನ್ನು ನೋಡು, ಮುಂದಿನ ಬಾಗಿಲಿನಿಂದಲೇ ಬಂದು ನೋಡು. ಆಮೇಲೆ ರಸ್ತೆ ದಾಟಿ ಆಚೆಗೆ ಬಾ. ತಾಯಪ್ಪನಿಗೆ ಬಗ್ಗಲು ಆಗುವುದಿಲ್ಲ, ನಾನು ಒಮ್ಮೆಗೆ ಒಂದೇ ಕಲ್ಲು ಹೊರಬಲ್ಲೆ. ಗೋಡೆ ಇನ್ನೂ ಸೊಂಟದ ತನಕ ಮಾತ್ರ ಎದ್ದಿದೆ.

ನಿನ್ನ ಅಕ್ಕ
ಶಿವಬಸವ್ವ